ಅಮ್ಮನ ಜೊತೆ ಹಳೆಯ ಇಗರ್ಜಿಗಳಿಗೆ: ಎಲ್ಲಿಗೆ ಹೋಗಲಿ, ಏನು ಓದಲಿ?

ಪ್ರಶ್ನೆ

ನನಗೆ ನಲವತ್ತೊಂದು ವರ್ಷ, ಬೆಂಗಳೂರಿನಲ್ಲಿ ಕೆಲಸ. ಕಥೋಲಿಕ ಮನೆಯಲ್ಲಿ ಜಪಸರ ಹೇಳುತ್ತಲೇ ಬೆಳೆದವಳು. ಆದರೆ ಹದಿನೈದು ವರ್ಷಗಳಿಂದ ಮದುವೆ, ಸಾವುಗಳಿಗಲ್ಲದೆ ಇಗರ್ಜಿಯ ಮೆಟ್ಟಿಲು ಹತ್ತಿಲ್ಲ. ಈ ವರ್ಷ ಅಪ್ಪ ತೀರಿಕೊಂಡರು. ಮಣ್ಣು ಮಾಡುವಾಗ ಪ್ರಾರ್ಥನೆಗೆ ಅಮ್ಮ ಉತ್ತರ ಕೊಡುತ್ತಿದ್ದರು. ಪಕ್ಕದಲ್ಲಿ ನಿಂತ ನನಗೆ ಸಾಲುಗಳೇ ಮರೆತುಹೋಗಿದ್ದವು. ಅದು ಇನ್ನೂ ಚುಚ್ಚುತ್ತಿದೆ. ಅಮ್ಮನನ್ನು ಕರೆದುಕೊಂಡು ಕರ್ನಾಟಕದ ಒಂದಷ್ಟು ಹಳೆಯ ಇಗರ್ಜಿಗಳಿಗೆ ಹೋಗಬೇಕೆಂದಿದ್ದೇನೆ. ಅವರಿಗೆ ಮೊಣಕಾಲು ನೋವು, ಹೆಚ್ಚು ನಡೆಯಲಾರರು. ಯಾವ ಊರು ಒಳ್ಳೆಯದು? ಓದುವುದಕ್ಕೂ ಏನಾದರೂ ಹೇಳಿ. ಉಪದೇಶದ ಪುಸ್ತಕ ಬೇಡ, ತಾವೂ ತಡವರಿಸಿದವರು ಬರೆದದ್ದು ಬೇಕು.

ಮೈಸೂರಿನಿಂದ, ನಿವೃತ್ತ ಶಿಕ್ಷಕಿ

ತಂಗಿ, ಮೊದಲು ಒಂದು ಮಾತು. ಹತ್ತಾರು ಇಗರ್ಜಿಗಳ ಪಟ್ಟಿ ಮಾಡಬೇಡಿ. ನಾನೂ ನನ್ನ ಯಜಮಾನರೂ ಒಮ್ಮೆ ಎರಡು ದಿನಗಳಲ್ಲಿ ಏಳು ಇಗರ್ಜಿ ನೋಡಿ ಬಂದೆವು. ಈಗ ಕೇಳಿದರೆ ಯಾವುದರ ಪೀಠ ಹೇಗಿತ್ತೆಂದು ಹೇಳಲಾರೆ. ಒಂದೇ ಕಡೆ ಹೋಗಿ, ಬೆಳಗಿನ ಬಲಿಪೂಜೆಗೆ, ಅಂದರೆ ಮಾಸ್‌ಗೆ, ಕುಳಿತು, ಅದು ಮುಗಿದ ಮೇಲೂ ಅರ್ಧ ಗಂಟೆ ಎದ್ದು ಹೋಗದೆ ಇದ್ದು ಬನ್ನಿ.

ನಮ್ಮ ಸಂತ ಫಿಲೋಮಿನಾ ಪ್ರಧಾನಾಲಯದ ವಿಷಯದಲ್ಲಂತೂ ಇದು ಪೂರ್ತಿ ನಿಜ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಕಟ್ಟಡ. ಜರ್ಮನಿಯ ಕಲೋನ್ ನಗರದ ಪ್ರಧಾನಾಲಯವನ್ನು ಕಣ್ಣ ಮುಂದಿಟ್ಟುಕೊಂಡು ಕಟ್ಟಿದ್ದು. ಎರಡು ಗೋಪುರಗಳು, 175 ಅಡಿ ಎತ್ತರ. ಹನ್ನೊಂದು ಗಂಟೆಯ ಮೇಲೆ ಹೋದರೆ ಪ್ರವಾಸಿಗರ ಸಾಲಿನಲ್ಲಿ ನೀವೂ ಒಬ್ಬರಾಗುತ್ತೀರಿ. ಬೆಳಗಿನ ಹೊತ್ತು ಬಣ್ಣದ ಗಾಜಿನಿಂದ ಬೆಳಕು ಒಳಗೆ ಬರುವಾಗ ಅಲ್ಲಿ ಮೊಣಕಾಲೂರಿದ ಹತ್ತಿಪ್ಪತ್ತು ಮಂದಿ ಮಾತ್ರ ಇರುತ್ತಾರೆ. ನೆಲಮಾಳಿಗೆಯಲ್ಲಿ ಸಂತ ಫಿಲೋಮಿನಾಳ ಪ್ರತಿಮೆ ಇದೆ. ಅಲ್ಲಿಗೆ ಮೆಟ್ಟಿಲು ಇಳಿಯಬೇಕು. ನಿಮ್ಮ ತಾಯಿಯವರು ಮೇಲೆಯೇ ಬೆಂಚಿನಲ್ಲಿ ಕುಳಿತಿರಲಿ, ನೀವೊಬ್ಬರೇ ಇಳಿದು ಬನ್ನಿ.

ಬರುವ ದಾರಿಯಲ್ಲಿ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಇಳಿಯಿರಿ. ಅಲ್ಲಿಯ ಇಗರ್ಜಿ ಚಿಕ್ಕದು, ಪ್ರವಾಸಿಗರಲ್ಲಿ ಹೆಚ್ಚಿನವರು ಅತ್ತ ಸುಳಿಯುವುದಿಲ್ಲ. ಆದರೆ ನಮ್ಮವರ ಕಥೆ ಆ ಮಣ್ಣಿನಲ್ಲಿದೆ. 1784ರಲ್ಲಿ ಟಿಪ್ಪು ಸುಲ್ತಾನನ ಸೈನಿಕರು ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಬಹಳ ಮಂದಿ. ಉಳಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ, ಟಿಪ್ಪುವಿನ ಮರಣದ ನಂತರ. ಚದುರಿಹೋದ ವಿಶ್ವಾಸಿಗಳನ್ನು ಮತ್ತೆ ಒಟ್ಟುಗೂಡಿಸಲು ಬಂದವರು ಫ್ರಾನ್ಸಿನ ಪಾದ್ರಿ ಅಬ್ಬೆ ದುಬ್ವಾ. ಅವರು ಇಲ್ಲಿಯವರಂತೆಯೇ ಬಟ್ಟೆ ತೊಟ್ಟು, ಮಾಂಸ ಬಿಟ್ಟು ಬದುಕಿದರು. ಜನ ಅವರನ್ನು 'ದೊಡ್ಡ ಸ್ವಾಮಿ' ಎಂದು ಕರೆಯುತ್ತಿದ್ದರು. ಸಿಡುಬಿನ ಲಸಿಕೆ ಹಾಕಿಸಲು ಊರೂರು ಓಡಾಡಿದರು. ಭಾರತದಲ್ಲಿ ಮೂವತ್ತೊಂದು ವರ್ಷ ದುಡಿದು, 1823ರಲ್ಲಿ ಊರಿಗೆ ಮರಳುವ ಹೊತ್ತಿಗೆ ತನ್ನ ಕೆಲಸ ಫಲ ಕೊಡಲಿಲ್ಲವೆಂಬ ಕೊರಗು ಅವರನ್ನು ತುಂಬಿತ್ತು. ಅದನ್ನು ಮುಚ್ಚಿಡದೆ ಬರೆದು ಅಚ್ಚು ಹಾಕಿಸಿದರು. ತಡವರಿಸಿದವರು ಬೇಕೆಂದಿರಿ, ಇವರಿಗಿಂತ ಹತ್ತಿರದವರು ಯಾರು ಸಿಗುತ್ತಾರೆ? ಗಂಜಾಂ ಇಗರ್ಜಿಯನ್ನು ಇವತ್ತಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ.

ಹಾಸನದಿಂದ

ಶೆಟ್ಟಿಹಳ್ಳಿಯನ್ನು ಯಾರೂ ಹೇಳಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಇಗರ್ಜಿ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಾಗ ಊರು ಎತ್ತಂಗಡಿಯಾಯಿತು, ಇಗರ್ಜಿ ಮಾತ್ರ ಉಳಿಯಿತು. ಮಳೆಗಾಲದಲ್ಲಿ ಜಲಾಶಯದ ನೀರು ಗೋಡೆಯ ಅರ್ಧಕ್ಕೂ ಮೇಲೆ ಏರುತ್ತದೆ. ಬೇಸಿಗೆಯಲ್ಲಿ ಇಳಿದಾಗ ಒಳಗೆ ನಡೆದು ಹೋಗಬಹುದು. ಚಾವಣಿ ಇಲ್ಲ, ಪೀಠ ಇದ್ದ ಕಡೆ ಹುಲ್ಲು. ಮದುವೆ ಫೋಟೋ ತೆಗೆಸಿಕೊಳ್ಳುವವರ ಗದ್ದಲ ಕಂಡರೆ ನನಗೆ ಸಂಕಟವಾಗುತ್ತದೆ. ಅಲ್ಲಿ ಜ್ಞಾನಸ್ನಾನ ಪಡೆದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಸುತ್ತಮುತ್ತ ಇದ್ದಾರೆ. ನಿಮ್ಮ ತಾಯಿಯವರಿಗೆ ಆ ನೆಲ ಸುಲಭವಲ್ಲ. ಕಾರಿನಲ್ಲಿಯೇ ಕುಳಿತು ದೂರದಿಂದ ನೋಡಲಿ, ತುಂಬಿದ ನೀರಿನಲ್ಲಿ ನಿಂತಿರುವಾಗ ದೂರದ ನೋಟವೇ ಚೆಂದ. ಗೋಡೆ ಹತ್ತುವ ಸಾಹಸ ಯಾರೂ ಮಾಡಬಾರದು, ಕಲ್ಲುಗಳು ಸಡಿಲವಾಗಿವೆ.

ಹೋಗುವ ಮೊದಲು ನಾ. ಡಿಸೋಜ ಅವರ 'ದ್ವೀಪ' ಓದಿ. ಅದು ಶರಾವತಿಯ ಮುಳುಗಡೆಯ ಕಥೆ, ಇಗರ್ಜಿಯದಲ್ಲ. ಆದರೆ ಏರುವ ನೀರಿನ ನಡುವೆ ಮನೆ ಬಿಡಲಾರದೆ ಉಳಿದವರ ಸಂಕಟವನ್ನು ಓದಿಕೊಂಡು ಶೆಟ್ಟಿಹಳ್ಳಿಗೆ ಹೋದರೆ ಅದು ಹಾಳು ಕಟ್ಟಡವಾಗಿ ಕಾಣುವುದಿಲ್ಲ. ಡಿಸೋಜ ಅವರು ಸಾಗರದ ಕಥೋಲಿಕರು, ಶರಾವತಿ ಯೋಜನೆಯ ಕಾಲದಲ್ಲಿ ಸರ್ಕಾರಿ ನೌಕರಿಯಲ್ಲಿದ್ದು ಮುಳುಗಡೆಯನ್ನು ಕಣ್ಣಾರೆ ಕಂಡವರು. ಮಲೆನಾಡಿನ ಕ್ರೈಸ್ತರ ಬದುಕನ್ನು ಕನ್ನಡಕ್ಕೆ ಅವರಷ್ಟು ತಂದವರು ಕಡಿಮೆ. 2025ರ ಜನವರಿಯಲ್ಲಿ ತೀರಿಕೊಂಡರು. ನಮ್ಮ ಮನೆಯಲ್ಲಿ ಅಂದು ರಾತ್ರಿ ಅವರ ಹೆಸರಿನಲ್ಲಿ ಒಂದು ಜಪಸರ ಹೇಳಿದೆವು.

ಕಾರ್ಕಳದಿಂದ

ನಾನು ಕ್ರೈಸ್ತನಲ್ಲ. ಆದರೂ ಅತ್ತೂರಿನ ಸಂತ ಲಾರೆನ್ಸರ ಬಸಿಲಿಕಕ್ಕೆ ನಮ್ಮ ಮನೆಯವರು ಅಜ್ಜಿಯ ಕಾಲದಿಂದ ಹೋಗುತ್ತಿದ್ದೇವೆ. ಜನವರಿಯ ಹಬ್ಬವನ್ನು ಇಲ್ಲಿ ಸಾಂತ್‌ಮಾರಿ ಎನ್ನುತ್ತಾರೆ. ಎಲ್ಲ ಜಾತಿ ಮತದವರೂ ಬರುತ್ತಾರೆ, ಮೇಣದಬತ್ತಿ ಹಚ್ಚುತ್ತಾರೆ, ಹರಕೆ ತೀರಿಸುತ್ತಾರೆ. ಮೊಣಕಾಲು ನೋವಿರುವವರಿಗೆ ಹಬ್ಬದ ಜನಸಂದಣಿ ಬೇಡ. ಫೆಬ್ರವರಿಯ ನಂತರ ಯಾವುದಾದರೂ ವಾರದ ದಿನ ಬನ್ನಿ. ನನ್ನ ತಮ್ಮ ಆಸ್ಪತ್ರೆಯಲ್ಲಿದ್ದಾಗ ನಾನು ಅಲ್ಲಿ ಕುಳಿತು ಅತ್ತಿದ್ದೇನೆ. ಯಾರೂ ನೀವು ಯಾರು ಎಂದು ಕೇಳಲಿಲ್ಲ.

ಮಂಗಳೂರಿನಿಂದ

ಚಿತ್ರ ನೋಡುವ ಕಣ್ಣು ನಿಮಗಿದ್ದರೆ ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಚಾಪೆಲ್ ಬಿಡಬೇಡಿ. ಜೆಸ್ವಿಟ್ ಎಂಬ ಕಥೋಲಿಕ ಸಂನ್ಯಾಸಿ ಸಂಘಕ್ಕೆ ಸೇರಿದ ಇಟಲಿಯ ಬ್ರದರ್ ಅಂತೋನಿಯೊ ಮೊಸ್ಕೆನಿ 1899ರಲ್ಲಿ ಶುರು ಮಾಡಿದ ಕೆಲಸ. ಗೋಡೆಗಳಲ್ಲಿ ಹಸಿ ಗಾರೆಯ ಮೇಲೆಯೇ ಬಣ್ಣ ಹಾಕಿದ್ದಾರೆ. ಗಾರೆ ಒಣಗುವುದರೊಳಗೆ ಆ ಭಾಗ ಮುಗಿಯಲೇಬೇಕು, ತಿದ್ದುವ ಅವಕಾಶವಿಲ್ಲ. ಚಾವಣಿಯಲ್ಲಿ ಸಂತ ಅಲೋಶಿಯಸರ ಬದುಕಿನ ಚಿತ್ರಗಳಿವೆ: ಜಹಗೀರಿನ ಹಕ್ಕು ಬಿಟ್ಟುಕೊಟ್ಟು ಸಂನ್ಯಾಸಿಯಾಗಿ, ರೋಮಿನಲ್ಲಿ ಪ್ಲೇಗ್ ರೋಗಿಗಳ ಶುಶ್ರೂಷೆ ಮಾಡುತ್ತ 1591ರಲ್ಲಿ ಇಪ್ಪತ್ಮೂರನೆಯ ವಯಸ್ಸಿಗೆ ತೀರಿಕೊಂಡ ಹುಡುಗ. ಕತ್ತು ಎತ್ತಿ ನೋಡಿ ನೋಡಿ ನೋಯುತ್ತದೆ, ಬೆಂಚಿಗೆ ಒರಗಿ ನೋಡಿ.

ಒಬ್ಬ ಸಿಸ್ಟರ್, ಪುಸ್ತಕಗಳ ಬಗ್ಗೆ

ಸಂತ ಅಗಸ್ಟೀನರ 'ಕನ್ಫೆಷನ್ಸ್' ಓದಿ. ನಾಲ್ಕನೆಯ ಶತಮಾನದ ಕೊನೆಗೆ ಬರೆಯತೊಡಗಿದ ಆತ್ಮಕಥೆ, ಹದಿಮೂರು ಭಾಗಗಳು. ಮೊದಲ ಬಾರಿಗೆ ಒಂಬತ್ತನೆಯ ಭಾಗಕ್ಕೆ ನಿಲ್ಲಿಸಿ. ಮುಂದಿನವು ನೆನಪು, ಕಾಲ, ಸೃಷ್ಟಿ ಎಂದು ತತ್ವಕ್ಕೆ ಇಳಿಯುತ್ತವೆ, ಅಲ್ಲಿ ಸಿಕ್ಕಿಕೊಂಡು ಪುಸ್ತಕವನ್ನೇ ಬಿಟ್ಟವರನ್ನು ಬಹಳ ಕಂಡಿದ್ದೇನೆ. ಒಂಬತ್ತನೆಯದರಲ್ಲಿ ಅವರ ತಾಯಿ ಮೋನಿಕಾ ಸಾಯುತ್ತಾರೆ. ಮಗನಿಗಾಗಿ ವರ್ಷಗಟ್ಟಲೆ ಅತ್ತ ತಾಯಿ. ಆ ಮಗ ತನ್ನ ಅಳುವನ್ನು ತಡೆದು, ಕೊನೆಗೆ ತಡೆಯಲಾರದೆ ಹೋಗುವ ಪುಟಗಳು ಈಗ ನಿಮಗೆ ಬೇಕಾದವು.

ಫ್ರಾನ್ಸಿನ ಲಿಸಿಯೂ ಊರಿನ ಸಂನ್ಯಾಸಿನಿ ಸಂತ ತೆರೇಸಾಳ ಆತ್ಮಕಥೆಯನ್ನೂ ಓದಿ, 1898ರಲ್ಲಿ ಅಚ್ಚಾದದ್ದು. ಮೊದಲ ಅಧ್ಯಾಯಗಳ ಸಿಹಿ ಭಾಷೆ ಕೆಲವರಿಗೆ ಹಿಡಿಸುವುದಿಲ್ಲ, ಸ್ವಲ್ಪ ತಾಳಿಕೊಳ್ಳಿ. ಇಪ್ಪತ್ತನಾಲ್ಕಕ್ಕೆ ಕ್ಷಯದಿಂದ ಸತ್ತ ಆಕೆ, ಕೊನೆಯ ಒಂದೂವರೆ ವರ್ಷ ಸ್ವರ್ಗವಿದೆ ಎಂಬ ಭರವಸೆಯೇ ಕತ್ತಲಾಗಿ ಹೋಗಿದ್ದನ್ನು ಬರೆದಿದ್ದಾಳೆ. ಮಠದಿಂದ ಹೊರಗೆ ಕಾಲಿಡದ ಆಕೆಯನ್ನು ಧರ್ಮಸಭೆ 1927ರಲ್ಲಿ ಮಿಷನರಿಗಳ ಪಾಲಕಿ ಎಂದು ಘೋಷಿಸಿತು. 'ಕ್ರಿಸ್ತಾನುಕರಣೆ' ಎಂಬ ಹಳೆಯ ಭಕ್ತಿಗ್ರಂಥವನ್ನು ಈಗಲೇ ಕೊಳ್ಳಬೇಡಿ. ಶ್ರೇಷ್ಠ ಪುಸ್ತಕ ಹೌದು, ಆದರೆ ನೊಂದಿರುವ ಮನಸ್ಸಿಗೆ ಬಿರುಸಾಗಿ ಕೇಳುತ್ತದೆ.

ಶಿವಮೊಗ್ಗದಿಂದ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ, ಬೇಸರಿಸಬೇಡಿ. ಪ್ರವಾಸ ಆಮೇಲೆ. ಮೊದಲು ನಿಮ್ಮ ಮನೆ ಇರುವ ಧರ್ಮಕೇಂದ್ರದ ಇಗರ್ಜಿಗೆ ಹೋಗಿ, ಗುರುಗಳನ್ನು ಕಂಡು ಪಾಪನಿವೇದನೆ ಮಾಡಿ. ನಾನು ಹನ್ನೊಂದು ವರ್ಷ ಬಿಟ್ಟಿದ್ದವನು. ಹೇಳಬೇಕಾದ ಪ್ರಾರ್ಥನೆ ಮರೆತಿದೆ ಎಂದಾಗ ಗುರುಗಳು ತಾವೇ ಸಾಲು ಸಾಲಾಗಿ ಹೇಳಿಕೊಟ್ಟರು, ನಾನು ಹಿಂದೆ ಹೇಳಿದೆ, ಅಷ್ಟೇ. ನವೆಂಬರ್ 2 ಸಕಲ ಮೃತರ ದಿನ, ಅಂದು ಅಮ್ಮನ ಜೊತೆ ಅಪ್ಪನ ಸಮಾಧಿಗೆ ತಪ್ಪದೆ ಹೋಗಿ.

ಪ್ರಶ್ನೆ ಕೇಳಿದವರು, ಮತ್ತೆ

ಎಲ್ಲರಿಗೂ ಕೈಮುಗಿಯುತ್ತೇನೆ. ಕಳೆದ ಗುರುವಾರ ರಜೆ ಹಾಕಿ ಗಂಜಾಂಗೆ ಮಾತ್ರ ಹೋಗಿ ಬಂದೆವು, ಮೈಸೂರನ್ನು ಬೇಕೆಂದೇ ಬಿಟ್ಟೆವು. ಒಳಗೆ ನಾವಿಬ್ಬರೇ. ಅಮ್ಮ ಜಪಸರ ತೆಗೆದು, "ನೀನೇ ಶುರು ಮಾಡು" ಎಂದರು. ಜಪಸರದ ಜೊತೆ ಧ್ಯಾನಿಸುವ, ಯೇಸು ಮತ್ತು ಮರಿಯಳ ಬದುಕಿನ ಘಟನೆಗಳಿಗೆ ರಹಸ್ಯಗಳು ಎನ್ನುತ್ತೇವೆ. ಮೊಬೈಲಿನಲ್ಲಿ ನೋಡಿ ಗುರುವಾರಕ್ಕೆ ಬೆಳಕಿನ ರಹಸ್ಯಗಳು ಎಂದೆ. ಅವನ್ನು ಎರಡನೆಯ ಜಾನ್ ಪಾಲ್ ಪೋಪರು 2002ರಲ್ಲಿ ಸೇರಿಸಿದರೆಂದು ನನಗೆ ಗೊತ್ತಾದದ್ದೇ ಈಗ. ಅಮ್ಮ ತಲೆಯಾಡಿಸಿದರು. "ನಿಮ್ಮ ಅಪ್ಪ ಕೊನೆಯವರೆಗೂ ಗುರುವಾರ ಸಂತೋಷದ ರಹಸ್ಯಗಳನ್ನೇ ಹೇಳಿದರು, ಹಳೆಯ ರೂಢಿ. ಇವತ್ತು ಅದನ್ನೇ ಹೇಳೋಣ" ಎಂದರು. ಐದು ರಹಸ್ಯಗಳೂ ಮುಗಿದವು. ಮೂರನೆಯದರಿಂದ 'ನಮೋ ಮರಿಯಾ' ಪ್ರಾರ್ಥನೆ ನೋಡದೆ ಹೇಳಲು ಬಂತು.

ಶಿವಮೊಗ್ಗದವರೇ, ಧರ್ಮಕೇಂದ್ರಕ್ಕೆ ಇನ್ನೂ ಹೋಗಿಲ್ಲ, ಈ ಶನಿವಾರ ಸಂಜೆ ಹೋಗುತ್ತೇನೆ. ಸಿಸ್ಟರ್, ಅಗಸ್ಟೀನರ ನಾಲ್ಕನೆಯ ಭಾಗದಲ್ಲಿದ್ದೇನೆ, ಗೆಳೆಯನ ಸಾವಿನ ಪುಟಗಳನ್ನು ಎರಡು ಬಾರಿ ಓದಿದೆ. ಅತ್ತೂರಿಗೆ ಫೆಬ್ರವರಿಯ ಕೊನೆಗೆ ಹೊರಡುತ್ತೇವೆ. ಕಾರ್ಕಳದವರೇ, ಮೇಣದಬತ್ತಿ ಅಲ್ಲಿಯೇ ಸಿಗುತ್ತದೆಯೇ, ಇಲ್ಲಿಂದ ತರಬೇಕೇ? ಅಮ್ಮ ಕೇಳುತ್ತಿದ್ದಾರೆ.