ಕಾರ್ಡ್ ವಾಪಸ್ ಕೇಳಿದರೆ ಏನಾಗುತ್ತದೆ?

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿಯ ಮೆಸೇಜಿಗೆ ಉತ್ತರ ಕೊಡುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತದೆ. ಪರಿಚಯದ ಹುಡುಗಿ ಕೆಲಸಕ್ಕೆ ಹೋಗುತ್ತಾಳೆ, ಸಂಬಳದ ಎಟಿಎಂ ಕಾರ್ಡ್ ಗಂಡನ ಹತ್ತಿರ ಇದೆ, ತಲೆನೋವಿನ ಮಾತ್ರೆ ತಂದರೂ ಬಿಲ್ ತೋರಿಸಬೇಕು. ಅವನು ಹೊಡೆಯುವುದಿಲ್ಲ, ಇದನ್ನು ಹಿಂಸೆ ಅನ್ನಬಹುದಾ ಅಂತ ಕೇಳಿದ್ದರು. ಕೆಳಗೆ ಕೆಲವರು, ಸಂಸಾರ ಅಂದಮೇಲೆ ದುಡ್ಡು ಗಂಡನ ಕೈಯಲ್ಲಿರುವುದು ಮಾಮೂಲಿ ಅಂತ ಬರೆದಿದ್ದೀರಿ.

ಅನ್ನಬಹುದು. ಕಾನೂನೇ ಹಾಗೆ ಹೇಳುತ್ತದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಹೊಡೆತ, ಬೈಗುಳದ ಜೊತೆಗೇ ಆರ್ಥಿಕ ಹಿಂಸೆಯನ್ನೂ ಸೇರಿಸಿದ್ದಾರೆ. ಮನೆಖರ್ಚಿಗೆ ಕೊಡದಿರುವುದು, ಅವಳ ದುಡ್ಡು ಅವಳಿಗೇ ಸಿಗದ ಹಾಗೆ ಮಾಡುವುದು, ಅವಳ ಒಡವೆ ಮಾರುವುದು, ಎಲ್ಲ ಅದರಲ್ಲಿ ಬರುತ್ತದೆ.

ಕಾರ್ಡ್ ಗಂಡನ ಹತ್ತಿರ ಇದ್ದ ಮಾತ್ರಕ್ಕೆ ತಪ್ಪು ಅಂತ ನಾನು ಹೇಳುವುದಿಲ್ಲ. ಎಷ್ಟೋ ಮನೆಯಲ್ಲಿ ಲೆಕ್ಕ ಒಬ್ಬರೇ ನೋಡುತ್ತಾರೆ, ಇನ್ನೊಬ್ಬರು ನೆಮ್ಮದಿಯಾಗಿರುತ್ತಾರೆ. ಅವಳು ಕಾರ್ಡ್ ವಾಪಸ್ ಕೊಡಿ ಅಂತ ಕೇಳಿದರೆ ಏನಾಗುತ್ತದೆ, ಅದನ್ನು ನೋಡಿ. "ತಗೋ" ಅಂದರೆ ಅದು ಸಂಸಾರ. ನಾಲ್ಕು ದಿನ ಮಾತು ಬಿಟ್ಟರೆ, ಅವಳ ಅಪ್ಪ ಅಮ್ಮನಿಗೆ ಫೋನ್ ಮಾಡಿ ದೂರಿದರೆ, ಕೆಲಸ ಬಿಡು ಅಂದರೆ, ಅದು ಬೇರೆಯೇ ವಿಷಯ.

ನಾನು ಬ್ಯಾಂಕ್ ಕೌಂಟರಿನಲ್ಲಿ ಕೂತು ಇದನ್ನು ತುಂಬಾ ನೋಡಿದ್ದೇನೆ. ಒಡವೆ ಸಾಲದ ಫಾರಂ ಅವಳ ಹೆಸರಲ್ಲಿ ಇರುತ್ತದೆ. ಸೈನ್ ಮಾಡಬೇಕಾದ ಜಾಗದಲ್ಲೆಲ್ಲ ಅವನೇ ಪೆನ್ಸಿಲಿನಲ್ಲಿ ಇಂಟು ಹಾಕಿ ತಂದಿರುತ್ತಾನೆ. ಎಷ್ಟು ಸಾಲ ಅಂತ ಅವಳನ್ನು ಕೇಳಿದರೆ ಅವಳು ಅವನ ಮುಖ ನೋಡುತ್ತಾಳೆ. ಕಟ್ಟದೇ ಹೋದರೆ ನೋಟೀಸ್ ಬರುವುದು ಮಾತ್ರ ಅವಳ ಹೆಸರಿಗೆ. ಜಾಮೀನು ಸಹಿ ಕೂಡ ಹಾಗೇ, ಸುಮ್ನೆ ಒಂದು ಸೈನ್ ಅಲ್ಲ ಅದು.

ಈಗ ಆ ಹುಡುಗಿ ಏನು ಮಾಡಬಹುದು? ಮೊದಲು, ಜಗಳ ಆಡಿ ಸವಾಲು ಹಾಕುವುದು ಬೇಡ. ದುಡ್ಡಿನ ಹಿಡಿತ ತಪ್ಪುತ್ತಿದೆ ಅಂತ ಗೊತ್ತಾದಾಗ ಕೈ ಎತ್ತುವವರಿದ್ದಾರೆ. ಬೇರೆ ಬ್ಯಾಂಕಿನಲ್ಲಿ ತನ್ನದೇ ಖಾತೆ ತೆರೆಯಲಿ. ಮಿನಿಮಮ್ ಬ್ಯಾಲೆನ್ಸ್ ಬೇಡದ ಖಾತೆಗಳಿವೆ. ಆದರೆ ಮೆಸೇಜ್ ಹೋಗುವ ಮೊಬೈಲ್ ನಂಬರ್ ಯಾರ ಕೈಯಲ್ಲಿದೆ ಅನ್ನುವುದು ಮುಖ್ಯ, ಅಲ್ವಾ? ಆಧಾರ್, ಪ್ಯಾನ್, ಸಂಬಳದ ಚೀಟಿ, ಒಡವೆ ಬಿಲ್, ಎಲ್ಲದರ ಫೋಟೋ ತೆಗೆದು ನಂಬಿಕಸ್ಥರಿಗೆ ಕಳಿಸಿ ತನ್ನ ಫೋನಿನಿಂದ ಅಳಿಸಲಿ. ಒಡವೆ ಹಾಕಿಕೊಂಡಿರುವ ಮದುವೆ ಫೋಟೋ ಕೂಡ ಸಾಕ್ಷಿಗೆ ಬರುತ್ತದೆ. ವರ್ಷಕ್ಕೊಮ್ಮೆ ಕ್ರೆಡಿಟ್ ರಿಪೋರ್ಟ್ ಪುಕ್ಕಟೆ ಸಿಗುತ್ತದೆ. ತೆಗೆದು ನೋಡಲಿ, ಗೊತ್ತಿಲ್ಲದ ಸಾಲ ಇದ್ದರೆ ಅಲ್ಲಿ ಕಾಣುತ್ತದೆ.

ತವರಿನವರು, ಗಂಡನ ಕಡೆಯವರು ಅವಳಿಗೆ ಅಂತ ಕೊಟ್ಟ ಒಡವೆ ಅವಳದ್ದೇ. ಇದನ್ನೇ ಸ್ತ್ರೀಧನ ಅನ್ನುವುದು. 1985ರಲ್ಲೇ ಸುಪ್ರೀಂ ಕೋರ್ಟ್ ಸ್ತ್ರೀಧನ ಪೂರ್ತಿ ಹೆಂಡತಿಯ ಸ್ವಂತದ್ದು ಅಂತ ಹೇಳಿದೆ.

ನಮ್ಮಲ್ಲಿ ತಾಲ್ಲೂಕಿನ ಸಿಡಿಪಿಓ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅವರೇ ಈ ಕಾಯ್ದೆಯಲ್ಲಿ ಹೆಂಗಸರಿಗೆ ನೆರವಾಗುವ ಸಂರಕ್ಷಣಾಧಿಕಾರಿ. ಅವರ ಮೂಲಕ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು. ಖರ್ಚಿಗೆ ದುಡ್ಡು, ಒಡವೆ ವಾಪಸ್, ಮನೆಯಿಂದ ಹೊರಹಾಕದ ಹಾಗೆ ಆದೇಶ, ಎಲ್ಲ ಕೇಳಬಹುದು. ಡೈವೋರ್ಸ್ ಕೇಳಲೇಬೇಕು ಅಂತೇನಿಲ್ಲ, ತುಂಬಾ ಜನ ಇದಕ್ಕೇ ಹೆದರಿ ಸುಮ್ಮನಾಗುತ್ತಾರೆ. ಸಲಹೆಗೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು. ಉಚಿತ ವಕೀಲರು ಬೇಕಿದ್ದರೆ 15100. ಹೆಂಗಸರಿಗೆ ಇದಕ್ಕೆ ಆದಾಯದ ಮಿತಿ ಇಲ್ಲ.

ಅವಳ ಹೆಸರು, ಊರು ದಯವಿಟ್ಟು ಗ್ರೂಪಿನಲ್ಲಿ ಹಾಕಬೇಡಿ. ಇಲ್ಲಿಂದ ಯಾರಿಗೆ ಫಾರ್ವರ್ಡ್ ಆಗುತ್ತದೋ ಗೊತ್ತಿಲ್ಲ. ನನ್ನ ನಂಬರ್ ಅವಳಿಗೆ ಬಾಯಲ್ಲೇ ಹೇಳಿ. ಅವಳೇ ಆಫೀಸಿನಿಂದ ಫೋನ್ ಮಾಡಲಿ, ನಾನಾಗಿ ಮಾಡುವುದಿಲ್ಲ.