ಅಪ್ಪನಿಗೆ ಮೂತ್ರಕೋಶದ ಕ್ಯಾನ್ಸರ್, ನಮಗೂ ಬರುತ್ತದಾ?

ಬದಿಯಡ್ಕದಿಂದ: ಅಡಿಕೆ ಸುಲಿಯುತ್ತಿದ್ದ ಅಪ್ಪ ಎದ್ದು ಹೋದರು. ಮೂತ್ರ ಪುನರ್ಪುಳಿ ಶರಬತ್ತಿನ ಹಾಗೆ ಕೆಂಪು ಬಣ್ಣ. ನೋವೇ ಇರಲಿಲ್ಲ. ಮೂತ್ರಕೋಶದ ಕ್ಯಾನ್ಸರ್ ಅಂದರು. 40 ವರ್ಷ ಬೀಡಿ ಸೇದಿದವರು. ನನಗೆ 38, ತಮ್ಮನಿಗೆ 34. ಇದು ವಂಶದಲ್ಲಿ ಬರುತ್ತದಾ?

ಕುಂಬಳೆಯಿಂದ: ಹೆದರಬೇಡಿ ಅಣ್ಣ. ಹೆಚ್ಚಿನವು ಹಾಗೆ ಬರುವುದಿಲ್ಲ, ಹೊಗೆಯೇ ದೊಡ್ಡ ಕಾರಣ. ಆದರೆ ಎನ್‌ಎಟಿ2 ಅನ್ನೋ ಜೀನ್ ಕೆಲವರಲ್ಲಿ ನಿಧಾನ, ಹೊಗೆಯ ವಿಷ ಬೇಗ ಕರಗುವುದಿಲ್ಲ. ಅಂಥವರು ಸೇದಿದರೆ ಅಪಾಯ ಇನ್ನೂ ಜಾಸ್ತಿ. ತಮ್ಮ ಸೇದುತ್ತಾರಾ?

ಪೆರ್ಲದಿಂದ: ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಲ್ಲೇ ದೊಡ್ಡಕರುಳಿನ ಅಥವಾ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬಂದಿತ್ತಾ? ಹಾಗಿದ್ದರೆ ಲಿಂಚ್ ಸಿಂಡ್ರೋಮ್ ಇರಬಹುದು, ಅಂದರೆ ಇಂಥ ಕ್ಯಾನ್ಸರ್‌ಗಳ ಅಪಾಯ ವಂಶದಲ್ಲೇ ಬರುವುದು; ಮೂತ್ರಕೋಶದ್ದೂ ಅದರಲ್ಲಿ ಬರಬಹುದು. ಅದಕ್ಕೆ ಕಾರಣವಾಗುವ ಎಂಎಸ್‌ಎಚ್2 ಜೀನ್ ಪರೀಕ್ಷೆ ಬಗ್ಗೆ ಕೇಳಿ.

ಬದಿಯಡ್ಕದಿಂದ: ದೊಡ್ಡತ್ತೆ, ಅಪ್ಪನ ಅಕ್ಕ, 46ಕ್ಕೇ ದೊಡ್ಡಕರುಳಿನ ಕ್ಯಾನ್ಸರಿನಿಂದ ಹೋದರು! ನಾವ್ಯಾರೂ ಸೇರಿಸಿ ಯೋಚಿಸಿರಲಿಲ್ಲ. ನಾಳೆಯೇ ಡಾಕ್ಟರಿಗೆ ಹೇಳುತ್ತೇನೆ. ತಮ್ಮನ ಬೀಡಿ ಕಟ್ಟು ಈಗ ನನ್ನ ಕೈಯಲ್ಲಿದೆ.