ಬಿದ್ರಿ ಹೂಜಿಯ ಪ್ರಿಂಟ್: ಸೀಪಿಯಾ ಕೊಟ್ಟರೆ ಬಿಳಿ ಅಂಚು ಹಳದಿಯಾಗ್ತಿದೆ, ಯಾವ ಟೋನರ್ ಸರಿ?

ಪ್ರಶ್ನೆ (ಬೀದರ್)

ಎಲ್ಲರಿಗೂ ನಮಸ್ಕಾರ. ಚೌಬಾರಾ ಹತ್ತಿರ ಒಂದು ಬಿದ್ರಿ ಹೂಜಿಯ ಫೋಟೋ ತೆಗೆದು, ಮನೆಯ ಬಚ್ಚಲಲ್ಲೇ ಕತ್ತಲು ಮಾಡಿಕೊಂಡು ಪ್ರಿಂಟ್ ಹಾಕಿದೆ. ಮಹಮೂದ್ ಗವಾನ್ ಮದರಸಾದ್ದೂ ಒಂದಿದೆ. ಎರಡೂ ಫೈಬರ್ ಪೇಪರ್ (ಪ್ಲಾಸ್ಟಿಕ್ ಲೇಪನವಿಲ್ಲದ ಫೋಟೋ ಕಾಗದ). ಕಪ್ಪನ್ನು ಕಂದು ಮಾಡುವ ಸೀಪಿಯಾ ಟೋನರ್ (ಪ್ರಿಂಟ್‌ನ ಬಣ್ಣ ಬದಲಿಸುವ ದ್ರಾವಣ) ಕೊಟ್ಟರೆ ಬಿಳಿ ಅಂಚು ಕಂದು ಹಳದಿಯಾಯಿತು. ಹೂಜಿಯ ಕಪ್ಪು ಬೆಲ್ಲದ ಬಣ್ಣಕ್ಕೆ ತಿರುಗಿತು. ಮದರಸಾದ ಹೆಂಚುಗಳು ನೀಲಿ ಅಲ್ವಾ ಅಂತ ಇನ್ನೊಂದು ಪ್ರಿಂಟ್‌ಗೆ ಐರನ್ ಬ್ಲೂ ಎಂಬ ನೀಲಿ ಟೋನರ್ ಕೊಟ್ಟೆ. ಚೆನ್ನಾಗಿ ಬಂತು. ಆದರೆ ಬೋರ್ ನೀರಲ್ಲಿ ಒಂದು ಗಂಟೆ ತೊಳೆದ ಮೇಲೆ ಅರ್ಧ ನೀಲಿ ಹೋಗಿಬಿಟ್ಟಿತ್ತು. ಎಲ್ಲಿ ತಪ್ಪಿದೆ ಹೇಳಿ ಸರ್.

ಉತ್ತರ (ಕಲಬುರಗಿ)

ಮೊದಲು ಹಳದಿ ಅಂಚು ನೋಡೋಣ. ಫಿಕ್ಸರ್ (ಬಳಕೆಯಾಗದ ಬೆಳ್ಳಿಯ ಉಪ್ಪನ್ನು ಕರಗಿಸಿ ತೆಗೆಯುವ ದ್ರಾವಣ) ಪೂರ್ತಿ ಕೆಲಸ ಮಾಡಿಲ್ಲದಿದ್ದರೆ ಬಿಳಿ ಜಾಗದಲ್ಲೂ ಬೆಳ್ಳಿಯ ಉಪ್ಪು ಉಳಿದಿರುತ್ತದೆ. ಸೀಪಿಯಾದ ಸಲ್ಫೈಡ್ ತಗುಲಿದ ಕೂಡಲೇ ಅದೂ ಕಂದಾಗುತ್ತದೆ. ಸೀಪಿಯಾದ ಮೊದಲ ಹಂತವಾದ ಬ್ಲೀಚ್ (ಚಿತ್ರವನ್ನು ಮಾಸಿಸುವ ದ್ರಾವಣ) ಆದ ಮೇಲೆ ನೀರಿನ ಹಳದಿ ಹೋಗುವವರೆಗೆ ತೊಳೆಯದಿದ್ದರೂ ಕಲೆ ಬೀಳುತ್ತದೆ. ಯಾವುದು ಅಂತ ತಿಳಿಯಲು, ಟೋನ್ ಮಾಡದ, ತೊಳೆದ ಪ್ರಿಂಟ್‌ನ ಬಿಳಿ ಅಂಚಿನ ಮೇಲೆ 1:9 (ಒಂದು ಪಾಲಿಗೆ ಒಂಬತ್ತು ಪಾಲು ನೀರು) ಸೆಲೆನಿಯಂ ಟೋನರ್ ಒಂದು ಹನಿ ಇಡಿ. 2–3 ನಿಮಿಷ ಬಿಟ್ಟು ಒರೆಸಿ. ಕಲೆ ಉಳಿದರೆ ತಪ್ಪು ಫಿಕ್ಸರ್‌ನದು.

ನೀಲಿಯದು ಬೇರೆ ಕಥೆ. ಅದು ಪ್ರಷ್ಯನ್ ಬ್ಲೂ, ಕ್ಷಾರದ ನೀರಿಗೆ ತಡೆಯುವುದಿಲ್ಲ. ನಮ್ಮ ಕಡೆ ಬೋರ್ ನೀರಿಗೆ ಸುಮ್ನೆ ಗಂಟೆಗಟ್ಟಲೆ ಬಿಟ್ಟರೆ ಕರಗುತ್ತಲೇ ಹೋಗುತ್ತದೆ. ಬಿಳಿ ಜಾಗ ತಿಳಿಯಾದ ಕೂಡಲೇ ತೆಗೆಯಿರಿ. ಕೊನೆಯ ನೀರಿಗೆ ಒಂದು ಚಿಟಿಕೆ ನಿಂಬೆ ಉಪ್ಪು ಹಾಕಿ.

ಇನ್ನು ಹೂಜಿ. ಅದಕ್ಕೆ ಸೀಪಿಯಾ ಬೇಡವೇ ಬೇಡ ನೋಡ್ರಿ. ಸತು, ತಾಮ್ರ ಕೂಡಿದ ಹೂಜಿಗೆ ಕೋಟೆಯ ಮಣ್ಣು, ನವಸಾಗರ ಹಚ್ಚಿದಾಗ ಮೈ ಮಾತ್ರ ಕಪ್ಪಾಗಿ, ಅದರಲ್ಲಿ ಕೂರಿಸಿದ ಬೆಳ್ಳಿಯ ಬಳ್ಳಿ ಬೆಳ್ಳಗೇ ಉಳಿಯುತ್ತದೆ. ಪ್ರಿಂಟ್‌ನಲ್ಲಿ ಉಲ್ಟಾ: ಕಪ್ಪು ಅಂದರೇನೇ ಬೆಳ್ಳಿ, ಟೋನರ್ ಬದಲಿಸುವುದು ಅದನ್ನೇ. ಸೀಪಿಯಾ ಆ ಬೆಳ್ಳಿಯನ್ನು ಕಂದು ಸಲ್ಫೈಡ್ ಮಾಡಿಬಿಡುತ್ತದೆ, ಕಾರೀಗರರು ಇಷ್ಟು ಕಷ್ಟಪಟ್ಟು ತಂದ ಕಪ್ಪೇ ಹೋಗುತ್ತದೆ. ಸೆಲೆನಿಯಂ ಕೊಡಿ. ಅದು ಮೊದಲು ಕಪ್ಪನ್ನೇ ಹಿಡಿಯುತ್ತದೆ, ಆಳ ಮಾಡುತ್ತದೆ. 1:9ರಲ್ಲಿ ಮೂರು ನಾಲ್ಕು ನಿಮಿಷ. ಪಕ್ಕದಲ್ಲಿ ಟೋನ್ ಮಾಡದ ಒದ್ದೆ ಪ್ರಿಂಟ್ ಇಟ್ಟುಕೊಂಡು ಹೋಲಿಸುತ್ತಿರಿ, ಇಲ್ಲದಿದ್ದರೆ ಕಣ್ಣು ಮೋಸ ಮಾಡುತ್ತದೆ. ವಾರ್ಮ್‌ಟೋನ್ ಪೇಪರ್ (ತುಸು ಕಂದು ಛಾಯೆಯ ಕಪ್ಪು ಕೊಡುವ ಕಾಗದ) ಆದರೆ ಕೆಂಗಂದು ಬೇಗ ಬರುತ್ತದೆ, ಹೂಜಿಗೆ ಅದು ಜಾಸ್ತಿಯಾಯಿತು. ಬೇಸಿಗೆಯಲ್ಲಿ ಎಲ್ಲವೂ ಇನ್ನೂ ಬೇಗ. ಕೈಗೆ ಗ್ಲೌಸ್ ಹಾಕಿ, ಕಿಟಕಿ ತೆರೆದಿಡಿ. ಸೆಲೆನಿಯಂ ವಿಷ. ಮಕ್ಕಳಿರುವ ಮನೆಯಾದರೆ ಬಚ್ಚಲಲ್ಲಿ ಬಾಟಲಿ ಬಿಡಬೇಡಿ.

ಮದರಸಾಗೆ ಮಾತ್ರ ಸೀಪಿಯಾ ಒಪ್ಪುತ್ತದೆ, ಆದರೆ ಅರ್ಧ. ಬ್ಲೀಚ್‌ಗೆ ನೀರು ಬೆರೆಸಿ, ತಿಳಿ ಜಾಗಗಳು ಮಾತ್ರ ಮಾಸಿದಾಗ ಹೊರಗೆ ತೆಗೆಯಿರಿ. ಮಿನಾರಿನ ಬಿಸಿಲು ಕಂದಾಗುತ್ತದೆ, ಕಮಾನಿನ ಒಳಗಿನ ನೆರಳು ಕಪ್ಪಾಗಿಯೇ ಉಳಿಯುತ್ತದೆ. 1472ರ ಕಟ್ಟಡ, ಅದರ ಹೆಂಚಿನ ಬಣ್ಣ ಎಷ್ಟೋ ಕಡೆ ಉದುರಿ ಹೋಗಿದೆ. ಇಡೀ ಪ್ರಿಂಟ್ ನೀಲಿ ಮಾಡಿದರೆ ಆಕಾಶ, ಕಲ್ಲು, ಹೆಂಚು ಎಲ್ಲಾ ಒಂದೇ ಆಗಿಬಿಡುತ್ತದೆ ಅನ್ನೋದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು

ಹನಿ ಇಟ್ಟೆ ಸರ್. ಚಹಾ ಚೆಲ್ಲಿದ ಹಾಗೆ ದುಂಡಗೆ ಕಲೆ ಉಳಿಯಿತು. ಫಿಕ್ಸರ್ ಹಳೆಯದು, ಮೂರು ಸಲ ಬಳಸಿದ್ದೆ. ಹೊಸದಾಗಿ ಎರಡು ಟ್ರೇ ಮಾಡಿ ಒಂದಾದ ಮೇಲೊಂದರಲ್ಲಿ ಫಿಕ್ಸ್ ಮಾಡಿದೆ. ಹೂಜಿಗೆ ನಾಲ್ಕು ನಿಮಿಷ ಸೆಲೆನಿಯಂ ಕೊಟ್ಟಿದ್ದೇನೆ. ಅಂಚು ಬಿಳಿಯಾಗಿಯೇ ಇದೆ, ಕಪ್ಪಿನ ಮೇಲೆ ಬಳ್ಳಿಯ ಒಂದೊಂದು ಎಲೆಯೂ ಬಿಡಿಯಾಗಿ ಕಾಣುತ್ತಿದೆ. ಮದರಸಾದ ಅರ್ಧ ಸೀಪಿಯಾ ಈಗ ತೊಳೆಯಲು ಬಿಟ್ಟಿದ್ದೇನೆ, ಒಣಗಿದ ಮೇಲೆ ತೋರಿಸುತ್ತೇನೆ.